ಜೈನಬಿಯ ಆ ಹತ್ತು ದಿನ

ಮಹಾರಾಜರ ಸರ್ಕಾರದ ಆಸ್ಪತ್ರೆಗಳಲ್ಲಿ ನಾನು ಇಪ್ಪತ್ತಾರು ವರ್ಷ ಹೆರಿಗೆ ಮಾಡಿಸಿದೆ. ಅಷ್ಟೂ ವರ್ಷ ಹೆದರಿಕೊಂಡೇ ಮಾಡಿಸಿದೆ. ಮಗು ಅಳದಿದ್ದರೆ ಯಾಕೆ ಅಳಲಿಲ್ಲ ಅಂತ ಹೆದರಿಕೆ, ಅತ್ತರೆ ಇಷ್ಟೊಂದು ಯಾಕೆ ಅಳುತ್ತಿದೆ ಅಂತ ಹೆದರಿಕೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದು ಗಾಡಿ ಹತ್ತಿ ಊರಿಗೆ ಹೊರಟರೂ, ದಾರಿಯಲ್ಲಿ ಎತ್ತು ಬೆದರಿದರೆ ಏನು ಗತಿ ಅಂತ ಬಾಗಿಲಲ್ಲೇ ನಿಂತಿರುತ್ತಿದ್ದೆ. ಕೊನೆಗೆ ನೆಲದ ಮೇಲೆ ಕೂತು ಕೂತು ಮಂಡಿಗಳು ಕೈಕೊಟ್ಟವು. ಕೂತರೆ ಏಳಲಾರದ ದಾದಿಯನ್ನು ಇಟ್ಟುಕೊಂಡು ಏನು ಮಾಡುವುದೆಂದು, ಐವತ್ತು ದಾಟಿದ ಕೂಡಲೇ ಸರ್ಕಾರ ನನ್ನನ್ನು ಮನೆಗೆ ಕಳಿಸಿತು. ಈಗ ಸರಗೂರಿನಲ್ಲಿ ತಮ್ಮನ ಮನೆಯ ಜಗಲಿಯ ಮೇಲೆ ಕೂತು, ಅವನ ಸೊಸೆ ಮೆಟ್ಟಿಲು ಇಳಿಯುವುದನ್ನು ನೋಡಿ ಹೆದರುತ್ತಿರುತ್ತೇನೆ. ಅವಳಿಗೆ ಆರು ತಿಂಗಳು.

ದಾದಿ ಕೆಲಸ ಕಲಿಯಲು ಮೈಸೂರಿಗೆ ಹೊರಟ ಹುಡುಗಿಯರು ಆಗಾಗ ಬಂದು, “ನಂಜಮ್ಮೋರೇ, ಕೆಲಸ ಹೆಂಗಿರ್ತದೆ?” ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನು ಬರೆದಿಡೋಣ ಎಂದು ಕೂತಿದ್ದೇನೆ. ಯಾವ ವರ್ಷ ಯಾವ ಊರಿಗೆ ವರ್ಗವಾಯಿತು, ಬಡ್ತಿ ಯಾವಾಗ ಬಂತು ಎನ್ನುವುದೆಲ್ಲ ಬೇಡ, ನನಗೂ ಮರೆತಿದೆ. ಹೆರಿಗೆ ಮಾಡಿಸುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ. ಕಲಿತದ್ದನ್ನೂ ಹೆದರಿಕೆ ಕೆಡಿಸುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ. ಮೊದಲ ಸಲ ಒಬ್ಬಳೇ ಹೆರಿಗೆಗೆ ಹೋದಾಗ, ಕತ್ತರಿ ಸರಿಯಾಗಿ ಕುದಿಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ನೀರು ಹಾಕಿಸಿ ಕುದಿಸುತ್ತಲೇ ಇದ್ದೆ. ಮಗು ಹುಟ್ಟಿತು, ಅತ್ತಿತು, ಕತ್ತರಿ ಮಾತ್ರ ಇನ್ನೂ ಕುದಿಯುತ್ತಿತ್ತು. ಬಾಣಂತಿಯ ತಾಯಿ, “ಅವ್ವಾ, ನೀವು ಅದ್ನ ಸಾರು ಮಾಡ್ತಿದ್ದೀರಾ?” ಅಂದಳು.

ಆದರೆ ಜೊತೆಯಲ್ಲಿ ಕೆಲಸ ಮಾಡುವ ಹೆಂಗಸನ್ನು ಹೇಗೆ ನೋಡಬೇಕೆಂದು ಅಲ್ಲಿ ಯಾರೂ ಕಲಿಸುವುದಿಲ್ಲ. ಅದರಲ್ಲಿ ನಾನು ಎಡವಿದೆ. ಒಂದು ಸಲ ಅಲ್ಲ, ಎರಡು ಸಲ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಆಸ್ಪತ್ರೆ ನಮ್ಮ ಸರಗೂರಿನ ಸುತ್ತಿನ ಕೋಟೆ ಸೀಮೆಯದು. ಯಾವ ಊರಿನದೆಂದು ಬರೆಯುವುದಿಲ್ಲ, ಆಗಿನವರು ಕೆಲವರು ಇನ್ನೂ ಇದ್ದಾರೆ, ಬಂದು ಜಗಳ ತೆಗೆದರೆ ನನ್ನಿಂದಾಗದು. ಹೆಂಚಿನ ಮಾಡಿನ ನಾಲ್ಕು ಕೋಣೆ, ಹಿಂದೆ ದಾದಿಯರಿಗೊಂದು ಮನೆ. ಡಾಕ್ಟರು ಒಬ್ಬರು. ಜ್ವರಕ್ಕೆ ಕ್ವಿನೀನ್ ಕೊಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಹೆಂಗಸರ ಸಿಟ್ಟು ಕಂಡರೆ ಮಾತ್ರ ಹುಲಿ ಕಂಡಂತೆ ಆಡುತ್ತಿದ್ದರು. ಕೆಂಪಿ ಎನ್ನುವ ಆಯಾ ಇದ್ದಳು. ನನ್ನ ಕೈಕೆಳಗೆ ಎರಡನೆಯ ದಾದಿಯಾಗಿ ಬಂದವಳು ಜೈನಬಿ.

ಹುಣಸೂರಿನಲ್ಲಿ ಪಾತ್ರೆಗೆ ಕಲಾಯಿ ಹಾಕುವವರ ಮಗಳು. ಗಂಡ ಮದುವೆಯಾದ ಎರಡನೇ ವರ್ಷಕ್ಕೆ ಕಾಡುಜ್ವರದಲ್ಲಿ ಹೋಗಿದ್ದ. ಪುಟ್ಟ ಮಗಳನ್ನು ತಾಯಿಯ ಮಡಿಲಿಗೆ ಹಾಕಿ, ನೆಂಟರಿಷ್ಟರೆಲ್ಲ ಬೇಡವೆಂದರೂ ದಾದಿ ಕೆಲಸ ಕಲಿತು ಬಂದಿದ್ದಳು. “ನನ್ನಪ್ಪ ಒಬ್ಬನೇ ಹೂಂ ಅಂದದ್ದು ಅಕ್ಕ. ಈ ಕೆಲಸ ಹೋದ್ರೆ ಮಿಕ್ಕವರೆಲ್ಲ ಅವನನ್ನೇ ಆಡ್ಕೋತಾರೆ” ಎಂದು ಬಂದ ಮೊದಲ ವಾರವೇ ಹೇಳಿದ್ದಳು.

ಅವಳ ಕೈಗುಣವನ್ನು ಹೇಗೆ ಬರೆಯುವುದು? ಬಸುರಿಯ ಹೊಟ್ಟೆ ಮುಟ್ಟುವ ಮುಂಚೆ ಬೆಚ್ಚನೆ ನೀರಿನಲ್ಲಿ ಕೈ ಅದ್ದಿಟ್ಟುಕೊಳ್ಳುತ್ತಿದ್ದಳು. ತಣ್ಣನೆಯ ಕೈ ಸೋಕಿದರೆ ಒಳಗಿರುವ ಮಗುವೂ ಮುದುಡಿಕೊಳ್ಳುತ್ತದೆ ಎನ್ನುವಳು. ನೋವು ತಿನ್ನುವವಳ ಬೆನ್ನು ನೀವುತ್ತ, ಅವಳ ಊರು, ಅವಳ ಎಮ್ಮೆ, ಅವಳ ಅತ್ತೆಯ ಬಾಯಿ, ಎಲ್ಲವನ್ನೂ ಕೇಳಿ ತಿಳಿಯುತ್ತಿದ್ದಳು. ಬೇಗೂರಿನ ಕಡೆಯಿಂದ, ಆಸ್ಪತ್ರೆ ಎಂದರೆ ಓಡಿಹೋಗುತ್ತಿದ್ದ ಹೆಂಗಸರು, “ಆ ಸಾಬರಮ್ಮ ಇದ್ರೆ ಮಾತ್ರ ಬತ್ತೀವಿ” ಎಂದು ಹೇಳಿಕಳಿಸುವಷ್ಟಾಯಿತು.

ಆದರೆ ತಿಂಗಳಲ್ಲಿ ಕೆಲವು ದಿನ ಆ ಜೈನಬಿ ಎಲ್ಲಿ ಹೋಗುತ್ತಿದ್ದಳೋ. ಹತ್ತಿ ತೀರಿತೆಂದರೆ ಬೇಸಿನ್ನು ತೆಗೆದು ಗೋಡೆಗೆ ಬೀಸುವಳು. ಕೆಂಪಿ ಕಸಬರಿಕೆ ಇಟ್ಟ ಸದ್ದಿಗೆ ಕಿವಿ ಮುಚ್ಚಿಕೊಳ್ಳುವಳು. ಬಟ್ಟೆ ಜೋಡಿಸುವ ಕೋಣೆಯಲ್ಲಿ ಮೂಲೆ ಹಿಡಿದು ಅಳುವಳು. ಒಂದು ದಿನ ಅಲ್ಲಿಗೆ ಹೋದಾಗ ನನ್ನ ಸೆರಗು ಹಿಡಿದುಕೊಂಡು, “ನನ್ನ ಕೈಲಿ ಒಂದು ಮಗು ಸಾಯುತ್ತೆ ಅಕ್ಕ, ನೋಡ್ತಿರು. ಅದಕ್ಕಿಂತ ಮುಂಚೆ ನಾನೇ ಹೋಗ್ಬಿಟ್ರೆ ಒಳ್ಳೇದು. ಹೊಳೆ ಏನು ದೂರ ಇಲ್ವಲ್ಲ” ಅಂದಳು. ಅವತ್ತಿನಿಂದ ಬಟ್ಟೆ ಒಗೆಯುವ ಹೊಳೆನೀರಿಗೆ ಅವಳನ್ನು ಕಳಿಸದೆ ನಾನೇ ಬಿಂದಿಗೆ ಎತ್ತಿಕೊಂಡು ಹೊರಟೆ. ಮಂಡಿ ಹಾಳಾದದ್ದಕ್ಕೆ ಅದೂ ಒಂದು ಕಾರಣ.

ಆಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಮೋಡ ಸರಿದಂತೆ ಎಲ್ಲ ಸರಿಹೋಗುತ್ತಿತ್ತು. ಕಾಫಿ ಮಾಡಿ ತಂದು ಮುಂದಿಟ್ಟು, “ಗೋಡೆಗೆ ಪೆಟ್ಟಾಯ್ತಾ ಅಕ್ಕ?” ಎಂದು ನಗುವಳು. ಆ ನಗುವಿನಲ್ಲಿ ಎಷ್ಟು ನಾಚಿಕೆ ಇತ್ತೆಂದು ಈಗ ತಿಳಿಯುತ್ತದೆ. ಆಗ ನನಗೆ ಕಂಡದ್ದು ನಗು ಮಾತ್ರ.

ನಾನು ಸುಮ್ಮನಿರುವ ಜಾತಿಯವಳಲ್ಲ. ಕಾರಣ ಹುಡುಕಲು ಕೂತೆ. ಗಂಡನ ನೆನಪಿರಬಹುದೇ? ಹೊಟ್ಟೆಯ ಹುಳುವೇ? ಬಾವಿ ನೀರೇ? ಒಂದು ವಾರ ನೀರು ಕುದಿಸಿ ಕುಡಿಸಿದೆ. ಹುಳುವಿನ ಔಷಧಿಯನ್ನು ಬೆಲ್ಲದ ಪಾನಕದಲ್ಲಿ ಬೆರೆಸಿ ಕೊಟ್ಟು ಬೈಸಿಕೊಂಡೆ. ಅಷ್ಟರಲ್ಲಿ ಎರಡು ವಿಷಯ ನನ್ನ ಕಣ್ಣಿಗೆ ಬಿದ್ದವು.

ಒಂದನೆಯದು, ನಗುನಗುತ್ತ ಇರುತ್ತಿದ್ದ ದಿನಗಳ ಮೊದಮೊದಲಿಗೆ ಅವಳ ನಮಾಜಿನ ಚಾಪೆ ಮಡಿಸಿಟ್ಟಲ್ಲೇ ಇರುತ್ತಿತ್ತು. ಅಳುವ ದಿನಗಳಲ್ಲಿ ಹೊತ್ತುಹೊತ್ತಿಗೆ ತಪ್ಪದೆ ನಮಾಜು ಮಾಡುವವಳು, ನಗು ಮರಳಿದ ಕೂಡಲೇ ಐದಾರು ದಿನ ಚಾಪೆ ಬಿಡಿಸುತ್ತಲೇ ಇರಲಿಲ್ಲ. ಎರಡನೆಯದು, ಬೀರುವಿನಲ್ಲಿದ್ದ ಅಫೀಮಿನ ಟಿಂಕ್ಚರ್ ಬಾಟಲಿ. ಅದರ ಚೀಟಿಯ ಮೇಲೆ ನಾನು ಪೆನ್ಸಿಲ್ಲಿನಲ್ಲಿ ಗೀಟು ಹಾಕಿಟ್ಟಿದ್ದೆ. ಯಾರಿಗೂ ಕೊಡದಿದ್ದರೂ ಔಷಧಿ ಗೀಟಿನಿಂದ ಕೆಳಗಿಳಿದಿತ್ತು.

ಸರಗೂರಿನಲ್ಲಿ ನಮ್ಮ ಮನೆಯ ಎದುರಿಗೆ ಸಾಬರ ಮನೆಗಳಿದ್ದವು. ಅಮಲಿನಲ್ಲಿರುವವರು ನಮಾಜಿಗೆ ನಿಲ್ಲಬಾರದು ಎಂದು ಚಿಕ್ಕಂದಿನಲ್ಲಿ ಅಲ್ಲಿ ಕೇಳಿದ್ದೆ. ಅಷ್ಟು ಸಾಕಾಯಿತು ನನಗೆ. ಅಳುವಾಗ ನಮಾಜು ಮಾಡುತ್ತಾಳೆ, ನಗುವಾಗ ಮಾಡುವುದಿಲ್ಲ, ಬಾಟಲಿ ಇಳಿದಿದೆ. ಅಂದಮೇಲೆ ನಗು ಎಲ್ಲಿಂದ ಬಂತು? ಬಾಟಲಿಯಿಂದ!

ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಹೆಂಗಸರ ಕೆಲಸದಲ್ಲೇ ಹತ್ತಾರು ವರ್ಷ ಕಳೆದಿದ್ದ ನನಗೆ ಗೊತ್ತಾಗಲಿಲ್ಲ. ಅದಕ್ಕೊಂದು ಕಾರಣವೂ ಇದೆ. ಕೊರಳಲ್ಲಿ ಲಿಂಗ ಇರುವವರಿಗೆ ಮುಟ್ಟಿನ ಮೈಲಿಗೆ ಇಲ್ಲ ಎನ್ನುವ ಮನೆ ನಮ್ಮದು. ಬೇರೆ ಮನೆಗಳಂತೆ ಮೂರು ದಿನ ಹೊರಗೆ ಕೂರುವುದು, ತಟ್ಟೆ ಲೋಟ ಬೇರೆ ಮಾಡುವುದು ನಮ್ಮಲ್ಲಿ ಇರಲಿಲ್ಲ. ಯಾರು ಯಾವ ದಿನದಲ್ಲಿದ್ದಾರೆಂದು ಗಮನಿಸುವ ಅಭ್ಯಾಸವೇ ನನಗೆ ಬೆಳೆದಿರಲಿಲ್ಲ. ಆಸ್ಪತ್ರೆಗೆ ಬಂದ ಹೆಂಗಸರನ್ನೆಲ್ಲ “ಕಡೇ ಸಲ ಯಾವಾಗ ಮುಟ್ಟಾದೆ?” ಎಂದು ಕೇಳುತ್ತಿದ್ದ ಬಾಯಿ, ಒಂದೇ ಸೂರಿನಡಿ ಮಲಗುವವಳನ್ನು ಕೇಳಲಿಲ್ಲ.

ಡಾಕ್ಟರ ಮುಂದೆ ಹೋಗಿ ನಿಂತೆ. ದೂರು ಕೊಡಲು ಅಲ್ಲ, ನನ್ನ ಹೆದರಿಕೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಲು.

“ಸಾರ್, ಆ ಟಿಂಕ್ಚರ್ ಬಾಟಲಿ ಸ್ವಲ್ಪ ಇಳಿದ ಹಾಗಿದೆ. ಜೈನಬಿ ಬೇರೆ ಒಂದೊಂದು ದಿನ ಒಂದೊಂದು ಥರ ಇರ್ತಾಳೆ...”

ಡಾಕ್ಟರು ಲೇಖನಿ ಕೆಳಗಿಟ್ಟರು. “ನನಗೆ ಮುಂಚೆಯೇ ಅನುಮಾನ ಇತ್ತು ನಂಜಮ್ಮ. ಹೋದ ತಿಂಗಳು ಎಲ್ಲರೆದುರಿಗೆ ನನಗೆ, ‘ಹುಣ್ಣು ಮುಟ್ಟಿದ ಕೈ ತೊಳ್ಕೊಂಡು ಬಾಣಂತಿ ಹತ್ರ ಬನ್ನಿ’ ಅಂದಳು. ಬುದ್ಧಿ ಸ್ಥಿಮಿತದಲ್ಲಿದ್ದವರು ಆಡುವ ಮಾತಾ ಅದು?”

ಬುದ್ಧಿ ಸ್ಥಿಮಿತದಲ್ಲಿದ್ದವರು ಆಡುವ ಮಾತೇ ಅದು. ನಾನು ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಟಪಾಲಿಗೆ ಮೈಸೂರಿಗೆ ಕಾಗದ ಹೋಯಿತು. ಎರಡನೆಯ ದಾದಿ ಅಮಲಿನ ಔಷಧಿ ಕದ್ದು ಸೇವಿಸುತ್ತಿರುವ ಅನುಮಾನವಿದೆ, ವಿಚಾರಣೆ ಮಾಡಿ ಕೆಲಸದಿಂದ ತೆಗೆಯಬೇಕು ಎಂದು.

ಅವತ್ತು ಸಂಜೆ ಅಂಗಳದಲ್ಲಿ ಕೆಂಪಿ ಬಟ್ಟೆ ಹಿಂಡುತ್ತಿದ್ದಳು. ನನ್ನ ಮುಖ ನೋಡಿ ವಿಷಯ ಕೇಳಿದಳು. ಹೇಳಿದೆ. ಅವಳು ಕೈಯಲ್ಲಿದ್ದ ಸೀರೆಯನ್ನು ಮತ್ತೆ ನೀರಿಗೇ ಬಿಟ್ಟಳು.

“ಅಯ್ಯೋ ನಿಮ್ಮ! ಏನ್ ಕಣ್ರವ್ವಾ, ನೀವು ನಿಜ್ವಾಗ್ಲೂ ಮೈಸೂರ್ನಾಗೆ ಓದ್ಕಂಡ್ ಬಂದೋರಾ?”

“ಯಾಕೆ ಕೆಂಪಿ?”

“ಮುಟ್ಟಾದಾಗ ಅವ್ರು ನಮಾಜ್ ಮಾಡಕ್ಕಿಲ್ಲ ಕಣ್ರವ್ವ. ಚಾಪೆ ಸುತ್ತಿಟ್ರೆ ಅದೇ ಲೆಕ್ಕ. ಊರ್ಗೆಲ್ಲ ಗೊತ್ತು. ಅದ್ಕೆ ಮುಂಚೆ ಹತ್ತು ದಿವ್ಸ ಆ ತಾಯಿಗೆ ಮೈಮೇಲೆ ಬೆಟ್ಟ ಕೂತಂಗಾಯ್ತದೆ. ಮುಟ್ಟಾಯ್ತಿದ್ದಂಗೆ ಇಳ್ದೋಯ್ತದೆ. ನಾನು ಆರು ತಿಂಗ್ಳಿಂದ ನೋಡ್ತಾವ್ನಿ, ನೀವು ನೋಡ್ನಿಲ್ವಾ?”

ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. “ಮತ್ತೆ ನನಗ್ಯಾಕೆ ಹೇಳಲಿಲ್ಲ ನೀನು?”

“ನೀವು ದಾದಿ, ನಿಮ್ಗೆ ನಾನ್ ಯೋಳದಾ? ಗೊತ್ತಿದ್ದೂ ಸುಮ್ಕವ್ರೆ ಅನ್ಕಂಡೆ ಬುಡಿ.”

ಆಮೇಲಿನ ಮೂರು ವಾರ ನಾನು ಊಟ ಮಾಡಿದ ನೆನಪಿಲ್ಲ. ಡಾಕ್ಟರನ್ನು ಎರಡು ಸಲ ಬೇಡಿಕೊಂಡೆ. “ಹೋದ ಕಾಗದ ಹೋಯ್ತು” ಅಂದರು. ಜೈನಬಿಗೆ ಹೇಳೋಣವೆಂದರೆ ನಾಲಗೆ ಏಳಲಿಲ್ಲ. ವಿಚಾರಣೆ ಅವಳ ಒಳ್ಳೆಯ ದಿನಗಳಲ್ಲಾದರೂ ಬರಲಿ ಎಂದು ಬೇಡಿಕೊಂಡೆ. ಬಂದದ್ದು ಹತ್ತರಲ್ಲಿ ಏಳನೆಯ ದಿನ.

ಮೈಸೂರಿನಿಂದ ಬಂದವರು ಒಬ್ಬರು ಹಿರಿಯ ಲೇಡಿ ಡಾಕ್ಟರು. ಗಿಡ್ಡ ಆಳು, ದಪ್ಪ ಕನ್ನಡಕ, ಮಾತು ಕಡಿಮೆ. ಜೈನಬಿಯನ್ನು ಕರೆಸಿ ಕೇಳಿದ ಒಂದು ಪ್ರಶ್ನೆಗೂ ಅವಳು ನೆಟ್ಟಗೆ ಉತ್ತರ ಕೊಡಲಿಲ್ಲ. “ಕಳ್ಳಿ ಅಂತ ಬರ್ಕೊಂಡೇ ಬಂದಿದ್ದೀರಲ್ಲ, ಮತ್ತೇನು ಕೇಳೋದು?” ಎಂದು ಕೂಗಿದಳು. ನಮ್ಮ ಡಾಕ್ಟರು, ನೋಡಿದಿರಾ ಎನ್ನುವಂತೆ ಹುಬ್ಬು ಏರಿಸಿದರು.

ಲೇಡಿ ಡಾಕ್ಟರು ಬಾಟಲಿ ತರಿಸಿದರು. ಬಿರಡೆಯನ್ನು ಬೆರಳಿನಿಂದ ಅಲ್ಲಾಡಿಸಿದರು. ಹುಳ ಕೊರೆದ ಹಲ್ಲಿನ ಹಾಗೆ ಅಲ್ಲಾಡಿತು. ಮೂಸಿ ನೋಡಿ, “ಇದನ್ನ ಕರಗಿಸಿಟ್ಟಿರೋದು ಸ್ಪಿರಿಟ್ಟಿನಲ್ಲಿ. ಬಿರಡೆ ಸಡಿಲ ಇದ್ದರೆ ನಿಮ್ಮ ಬೇಸಿಗೆಗೆ ಹಾರಿಹೋಗದೆ ಏನಾಗುತ್ತೆ? ಇದನ್ನ ಕುಡಿದಿರೋದು ಗಾಳಿ” ಅಂದರು.

“ಹಾಗಾದರೆ ತಲೆಯೇ ಸರಿಯಿಲ್ಲ ಅಂತಾಯ್ತಲ್ಲ ಮೇಡಂ,” ಅಂದರು ಡಾಕ್ಟರು. “ಅಂಥವರ ಕೈಗೆ ಬಾಣಂತಿಯರನ್ನ ಕೊಡೋದು ಹೇಗೆ?”

ಲೇಡಿ ಡಾಕ್ಟರು ಅವರಿಗೆ ಹೊರಗಿನ ರೋಗಿಗಳನ್ನು ನೋಡುವಂತೆ ಹೇಳಿ, ಬಾಗಿಲು ಹಾಕಿಸಿದರು. ಒಳಗೆ ಉಳಿದವರು ನಾವು ಮೂವರು. ಇನ್ನು ನಾನು ಬಾಯಿ ಬಿಡದಿದ್ದರೆ ಜೈನಬಿ ಸಂಜೆಯ ಬಸ್ಸಿಗೆ ಹುಣಸೂರಿಗೆ ಹೊರಡಬೇಕಾಗಿತ್ತು, ಹುಚ್ಚಿ ಎನ್ನುವ ಹೆಸರು ಹೊತ್ತು.

“ತಪ್ಪು ನನ್ನದು ತಾಯಿ. ಬಾಟಲಿ ಮಾತು ಎತ್ತಿದವಳು ನಾನು,” ಎಂದೆ. ಜೈನಬಿ ತಿರುಗಿ ನೋಡಿದಳು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ನೆಲ ನೋಡಿಕೊಂಡು ಉಳಿದದ್ದನ್ನೂ ಹೇಳಿದೆ: ಮುಟ್ಟಿಗೆ ಮುಂಚಿನ ಹತ್ತು ದಿನ, ಅಳು, ಹೊಳೆಯ ಮಾತು, ಆಮೇಲೆ ಬರುವ ನಗು.

“ಅಕ್ಕಾ! ಅದನ್ನೆಲ್ಲ ಇಲ್ಲಿ ಹೇಳ್ತೀಯಾ?” ಜೈನಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಲೇಡಿ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ ಕೂತರು. ಆಮೇಲೆ ಅವಳನ್ನು ಮೆತ್ತಗೆ ಕೇಳಿದರು, “ಯಾವಾಗಿಂದ ಮಗು?”

“ಮಗಳು ಹುಟ್ಟಿದ ಮೇಲಿಂದ.”

“ಹೆರಿಗೆ ಹೊತ್ತಲ್ಲಿ ಯಾವತ್ತಾದರೂ ಕೈ ತಪ್ಪಿದೆಯಾ?”

“ಇಲ್ಲ. ತಪ್ಪುತ್ತೆ ತಪ್ಪುತ್ತೆ ಅಂತ ಭಯ. ಆ ಭಯಕ್ಕೇ ಪ್ರಾಣ ಹೋಗುತ್ತೆ.”

“ಇದಕ್ಕೆ ಔಷಧಿ ನನಗೆ ಗೊತ್ತಿಲ್ಲ,” ಅಂದರು ಅವರು. ಅಷ್ಟು ದೊಡ್ಡ ಡಾಕ್ಟರು ಹಾಗೆ ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಬ್ರೋಮೈಡ್ ಕೊಟ್ಟರೆ ಮಂಪರು ಹತ್ತುತ್ತೆ, ಮಂಪರಿನಲ್ಲಿ ಕೆಲಸ ಮಾಡೋಕಾಗಲ್ಲ. ಕಾಗದದಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರೆದರೆ, ನಾಳೆ ಇವಳೊಬ್ಬಳನ್ನಲ್ಲ, ಹೆಂಗಸರು ಈ ಕೆಲಸಕ್ಕೇ ಲಾಯಕ್ಕಿಲ್ಲ ಅಂತ ನಿಮ್ಮೆಲ್ಲರನ್ನೂ ಮನೆಗೆ ಕಳಿಸ್ತಾರೆ. ನನ್ನನ್ನೂ ಸೇರಿಸಿ.” ಲೇಖನಿ ತೆಗೆದರು. “ಮಲೇರಿಯಾ ಬಂದುಹೋದ ಮೇಲಿನ ನಿಶ್ಶಕ್ತಿ ಅಂತ ಬರೀತೀನಿ. ನಿಮ್ಮ ಸೀಮೆಯಲ್ಲಿ ಅದನ್ನ ಯಾರೂ ಸುಳ್ಳು ಅನ್ನಲ್ಲ. ನಂಜಮ್ಮ, ಇನ್ನು ಮೇಲೆ ದಾದಿಯರ ಸರದಿ ನೀನು ಬರೆ. ಆ ದಿನಗಳಲ್ಲಿ ಇವಳಿಗೆ ಹೆರಿಗೆ ಬೇಡ, ಬೇರೆ ಕೆಲಸ ಕೊಡು. ಒಬ್ಬಳನ್ನೇ ಬಿಡಬೇಡ.”

ಹಾಗೆ ಕೆಲಸ ಉಳಿಯಿತು. ಮಲೇರಿಯಾ ಎಂದು ಬರೆದಿದ್ದರಿಂದ ನಮ್ಮ ಡಾಕ್ಟರು ಅವಳಿಗೆ ಒಂದು ತಿಂಗಳು ಎದುರಿಗೇ ನಿಂತು ಕ್ವಿನೀನ್ ಕುಡಿಸಿದರು. ಕಿವಿಯಲ್ಲಿ ಜೀರುಂಡೆ ಕೂಗುತ್ತಿದೆ ಎಂದು ಗೋಳಾಡಿದಳು, ಪಾಪ.

ನನ್ನ ಜೊತೆ ನಾಲ್ಕು ದಿನ ಮಾತಿಲ್ಲ. ಐದನೆಯ ಬೆಳಿಗ್ಗೆ ಕಾಫಿ ಲೋಟ ತಂದು ಕುಕ್ಕಿದಳು. “ನನ್ನನ್ನ ಅಮಲುಕೋರಿ ಅಂದ್ಕೊಂಡ್ಯಾ? ತೋಬಾ ತೋಬಾ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಸಣ್ಣ ದನಿಯಲ್ಲಿ, “ಕೇಳಬೇಕಿತ್ತು ಅಕ್ಕ. ಒಂದು ಸಲ ನನ್ನನ್ನೇ ಕೇಳಬೇಕಿತ್ತು” ಅಂದಳು.

ಹೂಂ ಅಂದೆ. ಅಂದೆನೇ ಹೊರತು ಕಲಿಯಲಿಲ್ಲ.

ಸರದಿ ಬರೆಯುವ ಕೆಲಸ ಕೈಗೆ ಬಂದಮೇಲೆ ನಾನೊಂದು ಪಂಚಾಂಗವೇ ಆಗಿಬಿಟ್ಟೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವಳ ಹತ್ತು ದಿನಕ್ಕೆ ಕೆಂಪು ಪೆನ್ಸಿಲ್ಲಿನ ಚುಕ್ಕೆ ಇಟ್ಟೆ. ಆ ದಿನಗಳಲ್ಲಿ ಅವಳು ಬಟ್ಟೆ ಮಡಿಸುವುದು, ಸಾಮಾನು ಕುದಿಸುವುದು, ಹೊರರೋಗಿಗಳ ಹುಣ್ಣು ಕಟ್ಟುವುದು. ಅವಳಿಗೂ ಹಾಯೆನಿಸಿತು, ಸುಳ್ಳಲ್ಲ. ಹೊಳೆಯ ಮಾತು ಕಡಿಮೆಯಾಯಿತು. ಆದರೆ ಅವಳು ಸ್ವಲ್ಪ ದನಿ ಏರಿಸಿದರೂ ಸಾಕು, ನನ್ನ ಕಣ್ಣು ಅವಳ ಮುಖಕ್ಕೆ ಹೋಗುವ ಮೊದಲು ಗೋಡೆಗೆ ಹೋಗುತ್ತಿತ್ತು. ಚುಕ್ಕೆ ಇದ್ದರೆ ಅವಳ ಮಾತು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಗೆ. ಒಮ್ಮೆ ಅನ್ನದಲ್ಲಿ ಕಲ್ಲಿದೆ ಎಂದಳು. ಚುಕ್ಕೆ ನೋಡಿ ಸುಮ್ಮನಾದೆ. ಮರುತುತ್ತಿಗೆ ನನ್ನ ಹಲ್ಲೇ ಮುರಿಯಿತು. ಅದರಿಂದಲೂ ಕಲಿಯಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸರಗೂರಿನಾಚೆಯ ಹಳ್ಳಿಯಿಂದ ಗಾಡಿ ಬಂತು. ಚಿಕ್ಕತಾಯಿ ಎನ್ನುವ ಹುಡುಗಿ, ಚೊಚ್ಚಲು, ಎಂಟು ತಿಂಗಳು. ಎರಡು ದಿನದಿಂದ ತಲೆನೋವು, ಕಣ್ಣು ಮಂಜು. ಜೊತೆಗೆ ಅತ್ತೆ. “ಪಿತ್ತ ಕಣ್ರವ್ವ, ಬಿಸ್ಲಲ್ಲಿ ಹೊಲ್ದತ್ರ ವೋಗಿದ್ಲು” ಅಂದಳು ಅತ್ತೆ. ಡಾಕ್ಟರು ಹಳ್ಳಿಗಳ ಮೇಲೆ ಹೋಗಿದ್ದರು. ಒಳಗೆ ಇನ್ನೊಬ್ಬಳು ನೋವು ತಿನ್ನುತ್ತಿದ್ದಳು. ಚಿಕ್ಕತಾಯಿಗೆ ನೀರು ಕೊಟ್ಟು ಮಲಗಿಸಿದೆ. ಅವತ್ತು ಚುಕ್ಕೆಯ ಎಂಟನೆಯ ದಿನ. ನನ್ನ ಹೆದರಿಕೆಯೆಲ್ಲ ಜೈನಬಿಯ ಮೇಲೇ ಖರ್ಚಾಗಿ, ಆ ಹುಡುಗಿಗೆ ಉಳಿದಿರಲಿಲ್ಲ.

ಜೈನಬಿ ಬಟ್ಟೆಯ ಗಂಟು ಹೊತ್ತು ಹೋಗುತ್ತಿದ್ದವಳು ಬಾಗಿಲಲ್ಲೇ ನಿಂತಳು. “ಅಕ್ಕ, ಇವಳ ಮುಖ ಊದಿದೆ. ಉಚ್ಚೆ ಕಾಯಿಸಿ ನೋಡಿದ್ಯಾ?”

“ಸಾಯಂಕಾಲ ನೋಡಣ ಬುಡು.”

“ಸಾಯಂಕಾಲ ಅಲ್ಲ, ಈಗ. ಹನ್ನೆರಡು ಗಂಟೆ ಬಸ್ಸಿಗೆ ಇವಳು ಮೈಸೂರಿಗೆ ಹೋಗಬೇಕು.”

“ನೀನು ಬಟ್ಟೆ ಮಡಿಸು ಹೋಗು ಕಣೇ. ನಾನು ನೋಡ್ಕೋತೀನಿ.” ನನ್ನ ಕಣ್ಣು ಗೋಡೆಗೆ ಹೋಯಿತು. ಅದನ್ನು ಅವಳು ನೋಡಿದಳು.

ಬಟ್ಟೆಯ ಗಂಟು ಬಂದು ನನ್ನ ಎದೆಗೆ ಬಡಿಯಿತು. “ಆ ಗೋಡೆ ಯಾಕೆ ನೋಡ್ತೀಯ? ಅವಳ ಕಾಲು ನೋಡು! ಕಾಲು ನೋಡು!”

ಚಿಕ್ಕತಾಯಿಯ ಅತ್ತೆ, “ಇದ್ಯಾವ ಗಾಳಿ ಮೆಟ್ಕತಪ್ಪ ಈಯಮ್ಮಂಗೆ!” ಎಂದು ಗೋಡೆಗೆ ಆತುಕೊಂಡಳು. ಜೈನಬಿ ಯಾರಿಗೂ ಕಾಯಲಿಲ್ಲ. ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಉಚ್ಚೆ ಹಿಡಿದು ತಂದು, ಗಾಜಿನ ನಳಿಗೆಯಲ್ಲಿ ಹಾಕಿ ಸ್ಪಿರಿಟ್ಟು ದೀಪ ಹಚ್ಚಿದಳು. ಕೈ ನಡುಗಿ ಎರಡು ಬೆಂಕಿಕಡ್ಡಿ ಮುರಿದವು. ಮೂರನೆಯದು ಹತ್ತಿತು. ಆಮೇಲೆ ನಳಿಗೆಯನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಒಳಗಿದ್ದದ್ದು ಮೊಸರಿನ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಬಸುರಿನ ನಂಜು ಏರಿದ್ದರ ಗುರುತು ಅದು.

ನಾನು ಕೂತು ಚಿಕ್ಕತಾಯಿಯ ಕಾಲು ಒತ್ತಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಮೈಸೂರಿನಲ್ಲಿ ಕಲಿಯುವಾಗ ಇಂಥ ಒಬ್ಬಳು ಸೆಟೆದುಕೊಂಡು, ನಾಲಗೆ ಕಚ್ಚಿಕೊಂಡು ಸತ್ತದ್ದನ್ನು ನನ್ನ ಕಣ್ಣಾರೆ ಕಂಡಿದ್ದೆ.

ಯಾರಾದರೂ ಜೊತೆಗೆ ಹೋಗಬೇಕಿತ್ತು. ಒಳಗಿನವಳನ್ನು ಬಿಟ್ಟು ನಾನು ಹೋಗುವಂತಿರಲಿಲ್ಲ. ಅಂದರೆ ಎಂಟನೆಯ ದಿನದ ಜೈನಬಿ, ಯಾವ ಗಳಿಗೆಯಲ್ಲಾದರೂ ಸೆಟೆದುಕೊಳ್ಳಬಹುದಾದ ಹುಡುಗಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಬೇಕು.

“ಜೈನಬಿ, ಇವತ್ತು ನಿನಗೆ...”

“ಗೊತ್ತು. ನನ್ನ ಮೈಗೆ ಗೊತ್ತಿಲ್ವಾ? ನನಗೆ ಅಳು ಬರ್ತಿದೆ, ಸಿಟ್ಟು ಬರ್ತಿದೆ, ನಿನ್ನ ಜುಟ್ಟು ಹಿಡಿದು ಬಡಿಯಬೇಕು ಅನಿಸ್ತಿದೆ. ಕಣ್ಣು ಮಾತ್ರ ನೆಟ್ಟಗಿದೆ. ಕಳಿಸ್ತೀಯೋ ಇಲ್ವೋ?”

ಕಳಿಸಿದೆ. ಅದೇ ಗಾಡಿಯಲ್ಲಿ ಹುಲ್ಲಿನ ಮೇಲೆ ಹುಡುಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಕಣ್ಣಿಗೆ ಬೆಳಕು ಬೀಳದ ಹಾಗೆ ತನ್ನ ಸೆರಗು ಹೊದಿಸಿ, ಬಸ್ಸು ಹಿಡಿಯಲು ಹ್ಯಾಂಡ್‌ಪೋಸ್ಟಿಗೆ ಹೊರಟಳು. ಅತ್ತೆ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಳು. ಹಲ್ಲಿನ ನಡುವೆ ಇಡಲು ಬಟ್ಟೆ ಸುತ್ತಿದ ಚಮಚ ಜೈನಬಿಯ ಕೈಯಲ್ಲಿತ್ತು.

ಮೂರು ದಿನ ಸುದ್ದಿ ಇಲ್ಲ. ಚಿಕ್ಕತಾಯಿ ಏನಾದಳೋ, ಜೈನಬಿ ಏನಾದಳೋ. ಮೈಸೂರಿನ ಕೆರೆಗಳನ್ನೆಲ್ಲ ನೆನೆಸಿಕೊಂಡು ಬೆವರಿದೆ. ನಾಲ್ಕನೆಯ ದಿನ ಕೆಂಪಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು, ಬಸ್ಸಿನ ಹೊತ್ತಿಗೆ ಹ್ಯಾಂಡ್‌ಪೋಸ್ಟಿಗೆ ಹೋಗಿ ಅಂಗಡಿ ಮುಂದೆ ನಿಂತೆ. ಬಸ್ಸಿನಿಂದ ಇಳಿದಳು. ಕಣ್ಣು ಒಳಗೆ ಹೋಗಿತ್ತು, ಸೀರೆ ಮುದ್ದೆಯಾಗಿತ್ತು.

“ಉಳಿದಳು,” ಅಂದಳು. “ಅಲ್ಲಿ ಹೋದಮೇಲೆ ಒಂದು ಸಲ ಸೆಟೆದುಕೊಂಡಳು. ಹೆರಿಗೆ ಮಾಡಿಸಿದರು. ಮಗುವನ್ನ ಹತ್ತಿಯಲ್ಲಿ ಸುತ್ತಿಟ್ಟಿದ್ದಾರೆ. ಅಂಗೈಯಷ್ಟಿದೆ. ಅಳ್ತಿದೆ.”

ನಾನು ಅಲ್ಲೇ ಅತ್ತುಬಿಟ್ಟೆ. ಅವಳು ಅಳಲಿಲ್ಲ.

“ನನಗೆ ನಿನ್ನ ಮೇಲೆ ಸಿಟ್ಟಿದೆ ಅಕ್ಕ.”

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

“ಎಣಿಸಬೇಡ.”

“ಎಣಿಸ್ತಿಲ್ಲ ಕಣೇ.”

“ಎಣಿಸ್ತಿದ್ದೀಯ. ತುಟಿ ಅಲ್ಲಾಡ್ತಿದೆ. ಹನ್ನೊಂದು ದಿನ ಆಯ್ತು, ಇನ್ನೂ ಮುಟ್ಟಾಗಿಲ್ಲ, ಅದಕ್ಕೇ ಸಿಟ್ಟು ಅಂತ ತಾನೇ? ಕೇಳು. ನಾಳೆ ನಾನು ನಗ್ತೀನಿ, ಕಾಫಿನೂ ಕೊಡ್ತೀನಿ. ಆಗಲೂ ಈ ಸಿಟ್ಟು ಇರುತ್ತೆ. ಇದು ಮೈಯಿಂದ ಬಂದದ್ದಲ್ಲ, ನೀನು ಮಾಡಿದ್ದರಿಂದ ಬಂದದ್ದು. ಮೊದಲು ನನ್ನನ್ನ ಕಳ್ಳಿ ಮಾಡಿದೆ. ಆಮೇಲೆ ಚುಕ್ಕೆ ಮಾಡಿದೆ. ಮನುಷ್ಯಳು ಅಂತ ಯಾವಾಗ ನೋಡ್ತೀಯ?”

ಅಂಗಡಿಯವನು ತೂಗುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಕೇಳಲಿ ಎಂದು ಬಿಟ್ಟೆ. ಅವಳು ಹೇಳಿದ್ದನ್ನೆಲ್ಲ ನಿಂತು ಕೇಳಿಸಿಕೊಂಡೆ.

ಆಸ್ಪತ್ರೆಗೆ ಬಂದಾಗ ಕೆಂಪಿ ಬಾಗಿಲಲ್ಲೇ ಕಾಯುತ್ತಿದ್ದಳು. ನಾವಿಲ್ಲದಾಗ ಒಬ್ಬಳು ನೋವು ಹತ್ತಿ ಬಂದಿದ್ದಳು. ಅವಳಿಗೂ ಚೊಚ್ಚಲು, ಬೇಗೂರಿನ ಕಡೆಯವಳು, ಸಾಬರಮ್ಮ ಎಲ್ಲಿ ಎಂದು ಕೇಳುತ್ತಿದ್ದಾಳಂತೆ. ನಾನು ಕೈ ತೊಳೆಯಲು ಹೋದವಳು ನಿಂತೆ. ಗೋಡೆ ನೋಡಲಿಲ್ಲ. ಜೈನಬಿಯನ್ನು ನೋಡಿದೆ.

“ನಿನ್ನನ್ನೇ ಕೇಳ್ತಿದ್ದಾಳೆ. ಇವತ್ತು ನಿನ್ನ ಕೈಲಾಗುತ್ತಾ ಜೈನಬಿ?”

ಅವಳು ಗಾಬರಿಯಾದವಳ ಹಾಗೆ ನನ್ನ ಮುಖ ನೋಡಿದಳು. ಅಷ್ಟು ದಿನದಲ್ಲಿ ಆ ಮಾತನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಎರಡೂ ಕೈ ಮುಂದೆ ಚಾಚಿ, ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡಳು.

“ಇಲ್ಲ ಅಕ್ಕ,” ಅಂದಳು. “ಇವತ್ತು ಆಗಲ್ಲ. ನೀನು ಮಾಡಿಸು. ನಾನು ಅವಳ ತಲೆ ಹತ್ರ ಕೂತಿರ್ತೀನಿ.”

ಬೆಚ್ಚನೆ ನೀರಿನಲ್ಲಿ ಕೈ ಅದ್ದಿಕೊಂಡು ಬಂದು ಕೂತಳು. ನಾನು ಮಂಡಿ ಊರಿ ನನ್ನ ಕೆಲಸ ನೋಡಿಕೊಂಡೆ. ಆ ಹೆಂಗಸು ಹೆತ್ತು ಮುಗಿಯುವವರೆಗೂ ಬಿಗಿಯಾಗಿ ಹಿಡಿದುಕೊಂಡದ್ದು ಜೈನಬಿಯ ನಡುಗುವ ಆ ಕೈಗಳನ್ನೇ.